ಪಾಚಿಯ ನೆಪ

"ಎಲ್ಲಕ್ಕಿಂತ ಪ್ರಖರವಾದ ದೀಪ ಕೊಡಿ!"

ಅಕ್ವೇರಿಯಂ ಅಂಗಡಿಯ ಬಾಗಿಲಲ್ಲೇ ನಿಂತು ಕೇಳಿದವಳ ಕಣ್ಣುಗಳು ಕೆಂಪಾಗಿದ್ದವು.

ಅಂಗಡಿಯವನು ತಲೆ ಎತ್ತಿದ. "ತೊಟ್ಟಿ ಎಷ್ಟು ಆಳ? ಗಿಡ ಇದೆಯಾ, ಬರೀ ಮೀನಾ?"

"ದೀಪ ಮಾರ್ತೀರೋ, ಪರೀಕ್ಷೆ ಮಾಡ್ತೀರೋ?"

"ಎರಡೂ. ಪಾಸಾದವರಿಗೇ ದೀಪ."

ನಗು ಬರಬೇಕಿತ್ತು. ಬಂದದ್ದು ಅಳು...

"ಗಿಡ ಅಪ್ಪ ಹಾಕಿದ್ದು. ದಪ್ಪ ಎಲೆ, ಕಲ್ಲಿಗೆ ಅಂಟಿಕೊಂಡಿದೆ. ಅಪ್ಪ ಹೋದರು, ಅದೇ ವಾರ ದೀಪವೂ ಹೋಯ್ತು."

ಅವನ ದನಿ ತಗ್ಗಿತು. "ಅದು ನೆರಳಿನ ಗಿಡ. ಬೆಳಕು ಹೆಚ್ಚಾದರೆ ಪಾಚಿ ಕಟ್ಟುತ್ತೆ. ಮೆತ್ತನೆಯದು ಕೊಡ್ತೀನಿ."

ಅಂದು ಸಂಜೆ ಅವಳು ಹೊಲಿಗೆ ಯಂತ್ರ ನಿಲ್ಲಿಸಿ, ಹೊಸ ದೀಪ ಹಚ್ಚಿ ತೊಟ್ಟಿಯ ಮುಂದೆ ಕುಳಿತಳು. ಅಪ್ಪ ಇಟ್ಟ ಕಲ್ಲು, ಅಪ್ಪ ಹಾಕಿದ ಎಲೆ... ದೇವರೇ, ಹೋದವರು ಹೀಗೂ ಬಂದು ಮುಖ ತೋರಿಸುತ್ತಾರೆಯೇ! ಆ ಬೆಳಕಿನಲ್ಲಿ ದೀಪ ಕೊಟ್ಟವನ ಮುಖವೂ ಕಂಡಿತು. ಅವಳು ಬೆಚ್ಚಿದಳು.

ಅವನನ್ನು ಮತ್ತೆ ನೋಡಬೇಕು. ಆದರೆ ಏನೆಂದು ಹೋಗುವುದು?

ಕೆಲವೇ ದಿನಗಳಲ್ಲಿ ಪಾಚಿ ಕಟ್ಟಿತು. ಅವಳು ಹೋಗಿ ಹೇಳಿದಳು; ಅವನೇ ಮನೆಗೆ ಬಂದು ದೀಪವನ್ನು ಎತ್ತರಕ್ಕೆ ಏರಿಸಿದ. ಮತ್ತೆ ಪಾಚಿ! ಅವಳು ಅಂಗಡಿಗೆ ಹೋದಳು. ಇನ್ನೂ ಮಂದವಾದ ದೀಪ ಕೊಟ್ಟ. ಮತ್ತೂ ಪಾಚಿ!

"ಏನೇ," ಜೊತೆಗಿದ್ದ ಸೋದರತ್ತೆ ಕೇಳಿದರು. "ಹಗಲೂ ರಾತ್ರಿ ದೀಪ ಉರಿಸ್ತೀಯಲ್ಲ, ಮೀನುಗಳಿಗೇನು ಪರೀಕ್ಷೆ ಇದೆಯಾ?"

ಅವಳು ತುಟಿ ಕಚ್ಚಿಕೊಂಡಳು.

ಮುಂದಿನ ಸಲ ಹೋದಾಗ ಅವನು ದೀಪ ಬದಲಿಸಲಿಲ್ಲ. ಒಂದು ಟೈಮರ್ ಕೈಗಿಟ್ಟ.

"ಮೀನಿಗೆ ರೆಪ್ಪೆ ಇಲ್ಲ. ಕತ್ತಲೆಯನ್ನು ನಾವೇ ಕೊಡಬೇಕು. ಇದು ಸಂಜೆ ತಾನೇ ಹಚ್ಚಿ ತಾನೇ ಆರಿಸುತ್ತೆ. ಇನ್ನು ನೀವು ಪದೇ ಪದೇ ಬರೋ ಕಷ್ಟ ಇಲ್ಲ."

ಬರಬೇಡ ಎಂದನೇ? ಇಷ್ಟು ಮೃದುವಾಗಿ?

ನೀರು ತಿಳಿಯಾಯಿತು. ತಿಳಿಯಾದಷ್ಟೂ ಅವಳ ಎದೆ ಭಾರವಾಯಿತು. ದೇವರ ಮುಂದೆ ಕೈಮುಗಿದು ಪಾಚಿ ಬೇಡಿದವಳು ಲೋಕದಲ್ಲಿ ಅವಳೊಬ್ಬಳೇ ಇರಬೇಕು! ರಾತ್ರಿ ಅವಳಿಗೂ ರೆಪ್ಪೆ ಇಲ್ಲದಂತಾಯಿತು.

ಸಂಜೆ ಆ ಬೆಳಕು ಹೊತ್ತಿದರೆ ಅವನ ನೆನಪು. ತಾಳಲಾರದೆ ಒಂದು ದಿನ ಟೈಮರನ್ನು ಬೆಳಗಿನ ಹೊತ್ತಿಗೆ ತಿರುಗಿಸಿಟ್ಟಳು.

ಅಂದೇ ಸಂಜೆ ಬಾಗಿಲು ಬಡಿದ ಸದ್ದು. ಅವನು! ಏದುಸಿರು ಬಿಡುತ್ತಿದ್ದ.

"ದೀಪ ಕೆಟ್ಟಿತಾ? ಕಿಟಕಿ ಕತ್ತಲಾಗಿತ್ತು..."

"ನಿಮಗೆ ಹೇಗೆ ಗೊತ್ತು?"

ಅವನು ತಲೆ ತಗ್ಗಿಸಿದ. "ಅಂಗಡಿ ಮುಚ್ಚಿ ದಿನಾ ಇದೇ ಬೀದೀಲಿ ಹೋಗ್ತೀನಿ. ಸಂಜೆಗೆ ಇಟ್ಟಿದ್ದು... ಮೀನಿಗೋಸ್ಕರ ಅಲ್ಲ."

"ಹಾಗಾದರೆ ಬರಬೇಡ ಅಂದಿದ್ದು?"

"ಹಾಗನ್ನಲಿಲ್ಲ! ನನ್ನ ದೀಪ ಸರಿಯಿಲ್ಲ, ದುಃಖದಲ್ಲಿರೋರನ್ನ ಅಲೆಸ್ತಿದ್ದೀನಿ ಅಂತ ನಾಚಿಕೆಯಾಗಿತ್ತು."

"ದೀಪ ಸರಿಯಾಗೇ ಇತ್ತು..." ಎಂದಳು. "ಪಾಚಿ ನಾನೇ ಬೆಳೆಸಿದ್ದು. ನಿಮ್ಮನ್ನ ನೋಡೋಕೆ."



"ಒಳಗೆ ಕರಿಯೇ!" ಅತ್ತೆ ಕೂಗಿದರು. "ಬಾಗಿಲಲ್ಲೇ ನಿಂತರೆ ನಿಮಗೂ ಪಾಚಿ ಕಟ್ಟುತ್ತೆ!"

ಅವನು ತೊಟ್ಟಿಯ ಬಳಿ ಬಂದು ಟೈಮರ್ ಮುಟ್ಟಿದ. "ಮತ್ತೆ ಸಂಜೆಗೇ ಇಡ್ಲಾ?"

"ಇಡಿ. ಆದರೆ ಇನ್ನು ಬೀದಿಯಿಂದ ನೋಡಬೇಡಿ..."

"ಮತ್ತೆ?"

"ಹೀಗೇ, ಒಳಗೆ ಬಂದು ನೋಡಿ."