ಖಾಲಿ ಸೀಟಿನ ದಲ್ಲಾಳಿ

ನನ್ನ ಕುತ್ತಿಗೆಯ ಮೇಲೆ ಕತ್ತಿ ಇತ್ತು.

ಹಿಡಿದವನ ಹೆಸರು ಹಾಜಬ್ಬ. ಬಾಗಿಲಿನಷ್ಟು ಅಗಲದ ಆಸಾಮಿ. ಎಡಗೆನ್ನೆ ಮಾತ್ರ ಎಣ್ಣೆಗೆ ಬಿದ್ದ ಬನ್ಸಿನಂತೆ ಉಬ್ಬಿತ್ತು.

ಬೆಳ್ತಂಗಡಿಯ ಒಂದು ಹಾಲ್‌ನ ಹಿಂದಿನ ಪಾರ್ಕಿಂಗ್ ಅದು. ಒಳಗೆ ಅವನ ಧಣಿ ಅಬ್ದುಲ್ ಶುಕೂರ್ ಮೈಕ್ ಹಿಡಿದಿದ್ದ. ಮಾರ್ಕು ಎಷ್ಟೇ ಕಡಿಮೆ ಇರಲಿ, ನಿಮ್ಮ ಮಕ್ಕಳನ್ನು ಡೆಂಟಿಸ್ಟ್ ಮಾಡುವುದು ನನ್ನ ಗ್ಯಾರಂಟಿ ಎನ್ನುತ್ತಿದ್ದ. ಅಪ್ಪ ಅಮ್ಮಂದಿರ ಚಪ್ಪಾಳೆ ಹೊರಗಿನವರೆಗೂ ಕೇಳುತ್ತಿತ್ತು...

ನಾನು ಅಶ್ರಫ್, ಬಂಟ್ವಾಳದವನು. ಕಂತು ಕಟ್ಟದವರ ಕಾರನ್ನು ಫೈನಾನ್ಸಿನವರಿಗಾಗಿ ಎತ್ತಿಕೊಂಡು ಬರುವುದು ನನ್ನ ಕಸುಬು. ಆದರೆ ಅಂದು ಎತ್ತಬೇಕಾಗಿದ್ದದ್ದು ಕಾರಲ್ಲ.

ಮಾರ್ಕ್ಸ್ ಕಾರ್ಡು.

ನನ್ನ ಅಕ್ಕ ಜುಲೈಕಾಳ ಮಗಳು ಆಫ್ರಾ. ನೀಟ್ ಪರೀಕ್ಷೆಯನ್ನು ಬೇಲಿ ನುಸುಳುವ ಆಡಿನಂತೆ ಹೇಗೋ ದಾಟಿದ್ದಳು. ಇಂಥ ಮಾರ್ಕಿಗೆ ಡೆಂಟಲ್ ಕಾಲೇಜಿನ ಗೇಟೂ ತೆರೆಯುವುದಿಲ್ಲ, ತಾನೇ ಕೈ ಹಾಕಬೇಕು ಎಂದು ಶುಕೂರ್ ಅಕ್ಕನನ್ನು ಹೆದರಿಸಿದ. ಮೂಡುಬಿದಿರೆ ಬಸ್‌ಸ್ಟ್ಯಾಂಡ್ ಎದುರಿನ ಅವನ ಎಸಿ ಆಫೀಸು ನೋಡಿ ಅಕ್ಕ ನಂಬಿದಳು. ‘ಪ್ರೊಸೆಸಿಂಗ್’ ಎಂದು ಅವನು ಒರಿಜಿನಲ್‌ಗಳನ್ನೆಲ್ಲ ಇಸಿದುಕೊಂಡ.

ಆಮೇಲೆ ಆಫ್ರಾ ಸರಕಾರದ ಪ್ರಕಟಣೆಯನ್ನು ತಾನೇ ಕೂತು ಓದಿದಳು. ಡೆಂಟಲ್ ಸೀಟುಗಳು ಕೇಳುವವರಿಲ್ಲದೆ ಉಳಿದಿದ್ದವು! ಕೊನೆಯ ಸುತ್ತಿನಲ್ಲಿ ಆನ್‌ಲೈನ್ ಅರ್ಜಿ ಹಾಕಿದಳು. ಮಂಗಳೂರಿನ ಒಂದು ಕಾಲೇಜಿನಲ್ಲಿ ಸೀಟು ಸಿಕ್ಕಿತು. ಯಾವ ಪುಣ್ಯಾತ್ಮನ ಕೈಯೂ ಬೇಕಾಗಲಿಲ್ಲ.

ಖಾಲಿ ಬಸ್ಸಿಗೆ ಬ್ಲ್ಯಾಕ್‌ನಲ್ಲಿ ಟಿಕೆಟ್ ಮಾರುತ್ತಿದ್ದ ನಮ್ಮ ಶುಕೂರ್.

ಆದರೆ ಅಂದು ಸಂಜೆಯೊಳಗೆ ಒರಿಜಿನಲ್ ಒಪ್ಪಿಸದಿದ್ದರೆ ಆ ಸೀಟು ಹೋಯಿತು. ಕೇಳಿದರೆ ಶುಕೂರ್ ಕೊಡಲಿಲ್ಲ. ಸೇರುವುದಾದರೆ ನನ್ನ ಮೂಲಕವೇ ಸೇರಬೇಕು, ಇಲ್ಲವಾದರೆ ಹುಡುಗಿಯ ವರ್ಷ ಹಾಳಾಗಲಿ ಎಂದನಂತೆ.

ಅಕ್ಕ ನನಗೆ ಫೋನ್ ಮಾಡಿ ಅತ್ತಳು.

ಮೂಡುಬಿದಿರೆಯ ಆಫೀಸಿಗೆ ಬೀಗ. ಪುತ್ತಿಗೆಯ ಅವನ ಮನೆಯ ಅಂಗಳದಲ್ಲಿ ಕಟ್ಟಿಹಾಕದ ನಾಯಿ. ಶುಕೂರ್ ಸೆಮಿನಾರಿಗೆ ಬೆಳ್ತಂಗಡಿಗೆ ಹೋಗಿದ್ದಾನೆ, ಫೈಲುಗಳು ಯಾವಾಗಲೂ ಅವನ ಕಾರಿನಲ್ಲೇ ಇರುತ್ತವೆ ಎಂದು ಕೊನೆಗೆ ಆಫೀಸಿನ ಪಕ್ಕದ ಜೆರಾಕ್ಸ್ ಅಂಗಡಿಯವನು ಹೇಳಿದ. ವೇಣೂರಿನ ದಾರಿಯಲ್ಲಿ ಬೈಕು ಹಾರಿಸಿದೆ. ಬೇಡವೆಂದರೂ ಆಫ್ರಾ ಹಿಂದೆ ಕೂತಿದ್ದಳು.

ಕಾರಿನ ಬಾಗಿಲಿಗೆ ಕೈ ಹಾಕಿದ್ದೆ, ಅಷ್ಟೇ. ಹಾಜಬ್ಬ ಕತ್ತಿ ಇಟ್ಟ.

ಕತ್ತಿಯ ಅಂಚು ಚರ್ಮಕ್ಕೆ ತಾಗಿತು. ಬಿಸಿಯಾಗಿ ಏನೋ ಕಾಲರಿನೊಳಗೆ ಇಳಿಯಿತು. ಆಫ್ರಾ ಕಿರುಚಲಿಲ್ಲ. ಅವನ ಕೆನ್ನೆಯನ್ನೇ ನೋಡುತ್ತಿದ್ದಳು.

“ಮಾಮ, ಎಡಗಡೆ. ಕೆಳಗಿನ ದವಡೆ, ಕಡೆಯ ಹಲ್ಲು.”

ಮೊಣಕೈಯಿಂದ ಸರಿಯಾಗಿ ಅಲ್ಲಿಗೇ ಕೊಟ್ಟೆ.

ಹಾಜಬ್ಬ ಕತ್ತಿ ಬಿಟ್ಟ. ಕೆನ್ನೆ ಹಿಡಿದು ನೆಲಕ್ಕೆ ಕುಳಿತ. ಅಷ್ಟು ದೊಡ್ಡ ಗಂಡಸು ಉಮ್ಮಾ ಎಂದು ತಾಯಿಯನ್ನು ಕರೆದದ್ದನ್ನು ನಾನು ಅಂದೇ ಕೇಳಿದ್ದು.

ಅವನ ಜೇಬಿನಿಂದ ಕಾರಿನ ಕೀ ಸೆಳೆದೆ. ಗದ್ದಲ ಕೇಳಿ ಶುಕೂರ್ ಹೊರಗೆ ಓಡಿಬರುತ್ತಿದ್ದ. ಫೈಲು ಹುಡುಕಲು ಟೈಮ್ ಎಲ್ಲಿ? ಬೈಕು ಅಲ್ಲೇ ಬಿಟ್ಟು, ಆಫ್ರಾಳನ್ನು ಹಿಂದೆ ಕೂರಿಸಿ ಕಾರನ್ನೇ ಎತ್ತಿದೆ. ಎಷ್ಟೆಂದರೂ ಕಸುಬು...

ಮಡಂತ್ಯಾರು ದಾಟುವಾಗ ಕನ್ನಡಿಯಲ್ಲಿ ಯಾರದೋ ಜೀಪು ಕಂಡಿತು. ಶುಕೂರನೇ ಓಡಿಸುತ್ತಿದ್ದ. ಪುಂಜಾಲಕಟ್ಟೆಯ ತಿರುವಿನಲ್ಲಿ ಹಿಂದಿನಿಂದ ಗುದ್ದಿದ. ಕಾರು ಚರಂಡಿಯ ಅಂಚಿಗೆ ಜಾರಿತು. ಸ್ಟಿಯರಿಂಗ್ ಜಗ್ಗಿ ಮೇಲೆ ತಂದೆ. ಹಿಂದಿನ ಸೀಟಿನಲ್ಲಿ ಆಫ್ರಾ ಫೈಲುಗಳ ರಾಶಿಯಲ್ಲಿ ಮುಳುಗಿದ್ದಳು. ಬೇರೆ ಮಕ್ಕಳ ಒರಿಜಿನಲ್‌ಗಳೂ ಅಲ್ಲೇ ಇದ್ದವು, ರಾಶಿ ರಾಶಿ.

ತನ್ನದು ಸಿಕ್ಕಿತು ಎಂದಳು. ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಶುಕೂರ್. ಸ್ಪೀಕರಿಗೆ ಹಾಕಿದಳು.

“ಅಶ್ರಫ್, ನೀನು ಕಾರು ಕದ್ದದ್ದು. ಪೊಲೀಸಿಗೆ ಕಂಪ್ಲೇಂಟ್ ಕೊಡ್ತೇನೆ.”

“ಕೊಡಿ. ನಾನೂ ಬಂಟ್ವಾಳ ಸ್ಟೇಶನ್ನಿಗೇ ಹೋಗುವುದು. ಊರ ಮಕ್ಕಳ ಒರಿಜಿನಲ್ ಎಲ್ಲ ಈ ಕಾರಲ್ಲಿ ಯಾಕೆ ಉಂಟು ಅಂತ ಕೇಳಿದ್ರೆ ಎಂತ ಹೇಳುವ? ನೀವೇ ಹೇಳಿ.”

ಫೋನು ಕಟ್ಟಾಯಿತು.

ಕನ್ನಡಿಯಲ್ಲಿ ಜೀಪು ಸಣ್ಣದಾಗುತ್ತಾ ಹೋಯಿತು.

ಮೊದಲು ಮಂಗಳೂರಿಗೆ ಬಿಟ್ಟೆ. ಕಾಲೇಜಿನಲ್ಲಿ ಗುಮಾಸ್ತ ಶಟರ್ ಎಳೆಯುವುದರಲ್ಲಿದ್ದ. ಆಫ್ರಾಳ ಮಾರ್ಕು ನೋಡಿ, ಕೊಳೆತ ಬಂಗುಡೆ ಮೀನು ಕಂಡವನಂತೆ ಮೂಗು ಮುರಿದ. ಇಷ್ಟೇನಾ ಎಂದು ಕೇಳಿದ.

“ಸೀಟು ಖಾಲಿ ಉಂಟಲ್ಲ ಸರ್? ತುಂಬಿಸುವ,” ಎಂದಳು ಆಫ್ರಾ.

ಸೀಲು ಬಿತ್ತು.

ವಾಪಸು ಬರುವಾಗ ಕಾರನ್ನೂ ಉಳಿದ ಫೈಲುಗಳನ್ನೂ ಬಂಟ್ವಾಳ ಸ್ಟೇಶನ್ನಿಗೆ ಒಪ್ಪಿಸಿದೆ. ಪೊಲೀಸರು ಹೆತ್ತವರನ್ನು ಕರೆಸಿ ಹಂಚಿದರು. ಶುಕೂರನನ್ನೂ ಕರೆಸಿದರು. ಮಕ್ಕಳು ಕಳೆದುಹಾಕಬಾರದೆಂದು ಜೋಪಾನವಾಗಿ ಇಟ್ಟುಕೊಂಡಿದ್ದೆ ಎಂದನಂತೆ. ಒಬ್ಬ ತಂದೆಯೂ ದೂರು ಬರೆದುಕೊಡಲಿಲ್ಲ. ಮುಂದಿನ ವರ್ಷ ಎರಡನೆಯ ಮಗನ ಸೀಟಿಗೆ ಶುಕೂರ್ ಬೇಕಲ್ಲ!

ಸ್ವಲ್ಪ ದಿನ ಕಳೆದು ಮೂಡುಬಿದಿರೆಗೆ ಹೋದೆ. ಬಸ್‌ಸ್ಟ್ಯಾಂಡ್ ಎದುರಿನ ಆ ಎಸಿ ಆಫೀಸಿನ ಬಾಗಿಲಲ್ಲಿ ಆಳೆತ್ತರದ ಫ್ಲೆಕ್ಸು. ಕೈಮುಗಿದ ಶುಕೂರ್. ಪಕ್ಕದಲ್ಲಿ ಆಫ್ರಾಳ ಪಾಸ್‌ಪೋರ್ಟ್ ಫೋಟೋ. ‘ಕಡಿಮೆ ಅಂಕಕ್ಕೂ ಡೆಂಟಲ್ ಸೀಟು! ನಮ್ಮ ಹೆಮ್ಮೆಯ ವಿದ್ಯಾರ್ಥಿನಿ.’

ರಕ್ತ ತಲೆಗೇರಿತು. ಹರಿದು ಬಿಸಾಡಲೆಂದು ಜನರನ್ನು ತಳ್ಳಿಕೊಂಡು ಮುಂದೆ ನುಗ್ಗಿದೆ.

ಯಾರೋ ಒಬ್ಬ ತಂದೆ ನನ್ನ ಅಂಗಿ ಹಿಡಿದೆಳೆದ.

“ಲೈನ್ ಉಂಟು ಮಾರಾಯ್ರೆ. ಹಿಂದೆ ಹೋಗಿ ನಿಲ್ಲಿ.”