ಬೀರುವಿನ ಮೇಲಿನ ಕುಡಿಕೆ

"ಗಿಡಕ್ಕೆ ನೀರು ಹಾಕು, ಕಿಟಕಿ ಒಂದು ಗಳಿಗೆ ತೆಗೆದಿಡು, ಅಷ್ಟು ಸಾಕು," ಎಂದು ಬೀಗದ ಕೈ ಕೊಡುತ್ತ ಮೇಲ್ಮನೆಯ ಅಕ್ಕ ಹೇಳಿದಳು. ಆಮೇಲೆ ದನಿ ತಗ್ಗಿಸಿದಳು. "ಬೀರು ಮೇಲೊಂದು ಕುಡಿಕೆ ಇದೆ. ಅದನ್ನ ಮಾತ್ರ ಮುಟ್ಬೇಡ ಕಣೆ. ಅದು ಮಾಡಿಸಿದ್ದು."

"ಮಾಡಿಸಿದ್ದು ಅಂದ್ರೆ?"

"ಮಾಟದವನ ಕೈಲಿ. ವಾಸನೆ ನುಂಗುತ್ತೆ ಅದು. ಬಾಗಿಲು ಹಾಕಿದ ಕೋಣೇಲಿ ಅದನ್ನಿಟ್ಕೊಂಡು ಕಣ್ಣು ಮುಚ್ಚಬಾರದು."

ಕೆಳಮನೆಯ ಕಿರಿಯವಳಿಗೆ ನಗು ತಡೆಯಲಾಗಲಿಲ್ಲ. "ಒಳಗೆ ಏನಿದೆ, ಇದ್ದಿಲಾ?"

ಅಕ್ಕ ಹೌದೆಂದು ತಲೆಯಾಡಿಸಿದಳು.

"ಇದ್ದಿಲು ವಾಸನೆ ಹೀರುತ್ತೆ ಅಂತ ನಮ್ಮ ಅಂಗಡೀಲಿ ಪೊಟ್ಟಣ ಕಟ್ಟಿ ಮಾರ್ತಿದ್ವಿ ಅಕ್ಕ. ಅದಕ್ಕೆ ಮಾಟ ಬೇರೆ ಯಾಕೆ?"

ಅಕ್ಕ ಚೀಲ ಹೆಗಲಿಗೇರಿಸಿದಳು. ಅವಳ ಒಬ್ಬಳೇ ಮಗಳು ಅಜ್ಜಿಯ ಮನೆಯಲ್ಲಿ ಬೆಳೆಯುತ್ತಿದ್ದಳು. ರಜೆಗೆ ಅವಳನ್ನು ಕರೆತರಲು ಬಸ್ಸು ಹಿಡಿಯಬೇಕಿತ್ತು, ಹೊರಟುಬಿಟ್ಟಳು.

ಇವರಿಬ್ಬರೂ ವಾರಗಿತ್ತಿಯರು. ಮಹಡಿಯ ಮೇಲೆ ಅಣ್ಣನ ಸಂಸಾರ, ಕೆಳಗೆ ತಮ್ಮನದು. ಬೆಳಿಗ್ಗೆ ಹೋದ ಅಣ್ಣ ಬರುವುದು ರಾತ್ರಿಗೆ. ಕಿರಿಯವಳು ಈ ಮನೆಗೆ ಬಂದು ಎರಡು ವರ್ಷವೂ ತುಂಬಿರಲಿಲ್ಲ. ಮದುವೆಗೆ ಮುಂಚೆ ಸೋಪು, ಸೆಂಟು ಮಾರುವ ಅಂಗಡಿಯಲ್ಲಿದ್ದವಳು. ಮುಚ್ಚಳ ತೆಗೆಯುವ ಮೊದಲೇ ಸೀಸೆಯಲ್ಲಿ ಏನಿದೆ ಎಂದು ಹೇಳುತ್ತಿದ್ದ ಅವಳನ್ನು ಅಲ್ಲಿಯವರೆಲ್ಲ 'ಮೂಗು ಮೇಡಂ' ಎಂದೇ ಕರೆಯುತ್ತಿದ್ದರು. ಅಂಥವಳ ಮನೆಯೇ ಈ ಬೇಸಿಗೆಯಲ್ಲಿ ನಾರುತ್ತಿತ್ತು. ಎಂಟು ತಿಂಗಳ ಕೂಸು ಕಕ್ಕಿದ ಹಾಲು, ಒದ್ದೆ ಬಟ್ಟೆ, ಬಚ್ಚಲ ಕಿಂಡಿ, ಬೆಳಿಗ್ಗೆ ಮಾಡಿ ಮಧ್ಯಾಹ್ನಕ್ಕೆ ಹಳಸುವ ಅನ್ನ. ನಿಂಬೆಸಿಪ್ಪೆ ಕುದಿಸಿದಳು, ಪರದೆ ಒಗೆದಳು, ಬಚ್ಚಲಿಗೆ ಸೋಡಾಪುಡಿ ಸುರಿದಳು. ಬಿಸಿಲು ಏರಿದಂತೆ ಎಲ್ಲ ನಾತವೂ ಎದ್ದು ಕೂರುತ್ತಿತ್ತು.

ಅಷ್ಟಾದರೂ ಸಹಿಸಬಹುದಿತ್ತು. ಗಂಡ ಮಾತ್ರ ಕೆಲಸದಿಂದ ಬಂದವನು ಚಪ್ಪಲಿ ಬಿಟ್ಟು ನೆಟ್ಟಗೆ ಮಹಡಿ ಹತ್ತುತ್ತಿದ್ದ. "ಅತ್ತಿಗೆ ಮನೇಲಿ ಉಸಿರಾಡೋಕೆ ಚೆಂದ ಕಣೆ. ಈ ಸೆಕೇಲೂ ಅವರ ಹತ್ರ ಬೆವರಿನ ವಾಸನೆ ಕೂಡ ಇಲ್ಲ ನೋಡು," ಎನ್ನುತ್ತಿದ್ದ. ಅವಳ ಹೊಟ್ಟೆಯೊಳಗೆ ಒಲೆ ಹೊತ್ತಿಕೊಳ್ಳುತ್ತಿತ್ತು. ಹೆತ್ತ ಮಗಳೇ ಹತ್ತಿರ ನಿಲ್ಲದ ಹೆಂಗಸಿನ ಹತ್ತಿರ ನನ್ನ ಗಂಡನಿಗೆ ಏನು ಕೆಲಸ ಎಂದು ಮೂಗು ಮುರಿಯುತ್ತಿದ್ದಳು.

ಮರುದಿನ ಗಿಡಕ್ಕೆ ನೀರು ಹಾಕಲು ಹೋದವಳು ಕುಡಿಕೆ ಇಳಿಸಿಕೊಂಡೇ ಬಂದಳು. ಅಂಗೈಯಗಲದ ಮುಚ್ಚಳ, ಕತ್ತಿಗೆ ಕಪ್ಪು ದಾರ. ಬೇಸಿಗೆಯಲ್ಲಿ ಮಣ್ಣಿನ ಪಾತ್ರೆ ತಣ್ಣಗಿರಬೇಕು. ಇದು ಜ್ವರ ಬಂದ ಮೈಯಂತೆ ಬೆಚ್ಚಗಿತ್ತು. ಬಿಸಿಲಿಗೆ ಕಾದಿರಬೇಕು ಎಂದುಕೊಂಡು ಮುಚ್ಚಳ ಓರೆ ಮಾಡಿ ಮಂಚದ ಕೆಳಗಿಟ್ಟಳು. ಧಗೆ ಒಳಗೆ ಬರದಿರಲೆಂದು ಕೋಣೆಯ ಕಿಟಕಿ, ಬಾಗಿಲು ಎರಡೂ ಹಾಕಿ ಮಂಚದ ಮೇಲೆ ಅಡ್ಡಾದಳು. ಕೂಸು ಪಡಸಾಲೆಯ ತೊಟ್ಟಿಲಲ್ಲಿ ಮಲಗಿತ್ತು. ಫ್ಯಾನು ಕಿರ್ರ್ ಕಿರ್ರ್ ಎನ್ನುತ್ತಿತ್ತು. ಅದರ ನಡುವೆ ಮಂಚದ ಕೆಳಗಿನಿಂದ ಯಾರೋ ಮೆಲ್ಲಗೆ, ಉದ್ದಕ್ಕೆ ಉಸಿರು ಎಳೆದುಕೊಂಡಂತಾಯಿತು. ಅಷ್ಟರಲ್ಲಿ ಅವಳಿಗೆ ಜೊಂಪು ಹತ್ತಿತ್ತು.

ಎದ್ದಾಗ ಮನೆ ತೊಳೆದಿಟ್ಟ ಹಾಗಿತ್ತು. ಹಾಲಿನ ಕಮಟಿಲ್ಲ, ಬಚ್ಚಲ ನಾತವಿಲ್ಲ. ಇವತ್ತು ಬರಲಿ ಗಂಡ, ಯಾವ ಮಹಡಿ ಹತ್ತುತ್ತಾನೋ ನೋಡೋಣ ಎಂದು ಬೀಗಿದಳು.

ಕೂಸು ಹಸಿದು ಅಳುತ್ತಿತ್ತು. ಎತ್ತಿಕೊಂಡು ಎದೆಗೆ ಹಚ್ಚಿದಳು. ಕೂಸು ಒಮ್ಮೆ ಮೂಸಿತು. ಮುಖ ತಿರುಗಿಸಿತು. ಎರಡೂ ಕೈಯಿಂದ ಅವಳನ್ನು ದೂಡಿತು. ಅಪರಿಚಿತರು ಎತ್ತಿಕೊಂಡರೆ ಕಿರುಚುವ ಹಾಗೆ ಕಿರುಚಿತು.

"ನಾನು ಕಂದಾ, ಅಮ್ಮ. ಕುಡಿಯೋ."

ಕುಡಿಯಲಿಲ್ಲ. ಬೆನ್ನು ಬಿಲ್ಲಾಗಿ ಬಾಗಿಸಿತು. ಅವಳು ಸೆರಗು ಮೂಸಿ ನೋಡಿದಳು. ಏನಿಲ್ಲ. ಕಂಕುಳು ಮೂಸಿದಳು. ಏನಿಲ್ಲ. ಹಾಲಿಗೆ ಒದ್ದೆಯಾದ ರವಿಕೆ ಮೂಸಿದಳು. ಖಾಲಿ. ಮೂಗೇ ಸತ್ತಿತೇ? ಕೂಸನ್ನು ನೆಲಕ್ಕೆ ಬಿಟ್ಟು ಹೊಸ್ತಿಲು ದಾಟಿ ನಿಂತಳು. ಕಾದ ಡಾಂಬರು, ಪಕ್ಕದ ಮನೆಯ ಈರುಳ್ಳಿ ಒಗ್ಗರಣೆ ಎಲ್ಲ ಘಮ್ಮೆಂದು ಬಡಿಯಿತು. ಮೂಗು ನೆಟ್ಟಗಿತ್ತು. ಇಲ್ಲದಿದ್ದುದು ಅವಳೇ.



ಒಳಗೆ ಅಳು ನಿಂತಿತ್ತು. ಓಡಿದಳು. ನೆಲಕ್ಕೆ ಬಿಟ್ಟಿದ್ದ ಕೂಸು ಅಲ್ಲಿರಲಿಲ್ಲ. ಮಂಚದ ಕೆಳಗೆ ಬಗ್ಗಿದಳು. ಕತ್ತಲು. ಚಪ್ಪರಿಸುವ ಸದ್ದು. ಕೂಸು ಕುಡಿಕೆಯನ್ನು ತಬ್ಬಿಕೊಂಡಿತ್ತು. ಅದರ ಹೊಟ್ಟೆಗೆ ಬಾಯಿ ಹಚ್ಚಿತ್ತು. ನಗುತ್ತಿತ್ತು. "ಮ್ಮ," ಎಂದಿತು. ಅವಳಿಗಲ್ಲ, ಕುಡಿಕೆಗೆ. ಆ ಮಾತನ್ನು ಅದು ಆಡಿದ್ದು ಅದೇ ಮೊದಲು.

ಮುಚ್ಚಳ ಸರಿಸಿ ಮೂಸಿದಳು. ಹಾಲು, ಬೆವರು, ತಲೆಗೆಣ್ಣೆ. ಅವಳದೇ ಮೈ. ಅದರಡಿಯಲ್ಲಿ ಹಳೆಯದು, ಇನ್ನೊಂದು ಹೆಣ್ಣಿನ ಮೈ, ಇನ್ನೊಂದು ಬಾಣಂತಿಯ ಹಾಲು.

ಬಾಗಿಲಲ್ಲಿ ಅಕ್ಕ ನಿಂತಿದ್ದಳು, ಕೈಯಲ್ಲಿ ಚೀಲ. ಹಿಂದಿದ್ದ ಒಂಬತ್ತು ವರ್ಷದ ಹುಡುಗಿ ತಾಯಿಯನ್ನು ದಾಟಿ ಬಂದು, ಕೂಸಿನ ಪಕ್ಕ ಮಲಗಿ, ಕುಡಿಕೆಗೆ ಕೆನ್ನೆ ಒತ್ತಿ ಕಣ್ಣು ಮುಚ್ಚಿಕೊಂಡಳು.

ಕಿರಿಯವಳು ಕುಟ್ಟಾಣಿ ಎತ್ತಿಕೊಂಡು ಬಂದಳು. "ಒಡೆದು ಹಾಕ್ತೀನಿ ಅಕ್ಕ."

"ಒಡೆದ್ರೆ ಗಾಳಿಗೆ ಹೋಗುತ್ತೆ. ನಮ್ಮ ಮೈಗೆ ವಾಪಸ್ ಬರಲ್ಲ," ಎಂದಳು ಅಕ್ಕ. "ಎದುರುಮನೆಯವಳ ಮನೆ ಘಮಘಮ ಅನ್ನುತ್ತೆ ಅಂತ ಹೊಟ್ಟೆ ಉರಿದು ಮಾಡಿಸ್ಕೊಂಡೆ ನಾನು. ಮಗು ಎದೆ ಬಿಡ್ತು, ಅಜ್ಜಿ ಕರ್ಕೊಂಡು ಹೋದ್ರು. ವರ್ಷಕ್ಕೊಂದ್ಸಲ ಇವಳು ಬರೋದು ಅದನ್ನ ತಬ್ಕೊಂಡು ಮಲಗೋಕೆ. ನಾನದನ್ನ ಯಾಕೆ ಒಡೆದಿಲ್ಲ ಅಂತ ಈಗ ಗೊತ್ತಾಯ್ತಾ?"

ಕಿರಿಯವಳು ಕುಟ್ಟಾಣಿ ಕೆಳಗಿಟ್ಟಳು. ಇಬ್ಬರಲ್ಲೂ ಒಪ್ಪಂದವಾಯಿತು. ಕುಡಿಕೆ ಒಂದು ದಿನ ಮೇಲೆ, ಒಂದು ದಿನ ಕೆಳಗೆ.

ಸಂಜೆ ಗಂಡ ಬಂದ. ಹೊಸ್ತಿಲಲ್ಲೇ ನಿಂತು ಎದೆ ತುಂಬ ಉಸಿರೆಳೆದುಕೊಂಡ. "ಈಗ ನಮ್ಮನೇನೂ ಅತ್ತಿಗೆ ಮನೆ ಥರ ಇದೆ ನೋಡು," ಎಂದ. ಮಹಡಿ ಹತ್ತಲಿಲ್ಲ. ಅವಳು ಬಯಸಿದ್ದೂ ಇಷ್ಟೇ.

ಮರುದಿನ ಮೇಲಿನವರ ಸರದಿ. ಕುಡಿಕೆಯ ಜೊತೆ ಕೂಸನ್ನೂ ಕಳಿಸಬೇಕಾಯಿತು, ಇಲ್ಲದಿದ್ದರೆ ಅದು ಸೀಸೆಯ ಹಾಲನ್ನೂ ಮುಟ್ಟುತ್ತಿರಲಿಲ್ಲ. ಉರಿಬಿಸಿಲಲ್ಲಿ ಅವಳು ಕೆಳಗೆ ಮೆಟ್ಟಿಲ ಮೇಲೆ ಕೂತು, ಮೇಲಿನಿಂದ ಬರುವ ಕೂಸಿನ ಕೇಕೆ ಕೇಳಿಸಿಕೊಂಡಳು. ಅಕ್ಕನ ಮೇಲೆ ಈಗ ಸಿಟ್ಟಿರಲಿಲ್ಲ. ಆ ಮಣ್ಣಿನ ಕುಡಿಕೆಯನ್ನು ನೆನೆದು ಹೊಟ್ಟೆ ಉರಿಯುತ್ತಿತ್ತು.