ಐದು ಹತ್ತರ ಸಹಿ

"ಯಾರ್ರೀ ಅದು? ಅಲ್ಲೇ ನಿಲ್ಲಿ! ಒಂದು ಹೆಜ್ಜೇನೂ ಮುಂದಿಡಬೇಡಿ!"

ಅವಳು ಎತ್ತಿದ ಕಾಲನ್ನು ಎತ್ತಿದ ಹಾಗೆಯೇ ಹಿಡಿದು ನಿಂತಳು. ಕೂಗಿದವನು ತಲೆಯಿಂದ ಕಾಲಿನವರೆಗೆ ಬಿಳಿ ಕೋಟು, ಟೋಪಿ, ಮಾಸ್ಕಿನೊಳಗಿದ್ದ. ಹೊರಗೆ ಕಾಣುತ್ತಿದ್ದದ್ದು ಎರಡು ಸಿಟ್ಟಿನ ಕಣ್ಣು ಮಾತ್ರ.

"ಶೂ ಮೇಲೆ ಕವರ್ ಇಲ್ಲ, ತಲೆಗೆ ಟೋಪಿ ಇಲ್ಲ. ಇದೇನು ಮದುವೆ ಮನೆ ಅಂದ್ಕೊಂಡ್ರಾ?"

"ಮದುವೆ ಮನೇಲಿ ಬಂದವರನ್ನ ಹೀಗೆ ಗದರಿಸಲ್ಲ," ಎಂದಳು ಒಂಟಿ ಕಾಲಲ್ಲೇ. "ನಾನು ಟೆಸ್ಟಿಂಗ್‌ನವಳು. ನೀವು ಜೋಡಿಸಿದ್ದು ಸರಿ ಇದೆಯೋ ಇಲ್ವೋ ಅಂತ ಹೇಳೋಕೆ ಬಂದಿದ್ದೀನಿ."

ಏಣಿಯ ಮೇಲಿದ್ದ ಮುದಿ ಮೇಸ್ತ್ರಿ ಕಿಸಕ್ಕನೆ ನಕ್ಕ. "ಹೋಯ್ತು ಸಾರ್, ಪರೀಕ್ಷೆಗೆ ಮುಂಚೇನೇ ಮೇಷ್ಟ್ರ ಜೊತೆ ಜಗಳ!"

ಸಿಟ್ಟಿನ ಕಣ್ಣುಗಳು ಮೊದಲು ಪೆಚ್ಚಾದವು, ಆಮೇಲೆ ನಕ್ಕವು. ಮಾಸ್ಕಿನ ಹಿಂದಿನ ಆ ನಗುವನ್ನು ಅವಳು ಕಣ್ಣಂಚಿನ ಎರಡು ಗೆರೆಗಳಲ್ಲೇ ಓದಿಕೊಂಡಳು.

ಬಯಲಿನಲ್ಲಿ ಎಕರೆಗಟ್ಟಲೆ ಹರಡಿಕೊಳ್ಳಬೇಕಾದ ವಿದ್ಯುತ್ ಕೇಂದ್ರವನ್ನು ಒಂದೇ ದೊಡ್ಡ ಹಾಲ್‌ನೊಳಗೆ ಅಡಕಿದ ಜಾಗ ಅದು. ಆಳೆತ್ತರದ ಬೂದು ಬಣ್ಣದ ಲೋಹದ ಕೊಳವೆಗಳು, ಅವುಗಳ ಒಳಗಿನ ಸರಳಿನಲ್ಲಿ ಲಕ್ಷಗಟ್ಟಲೆ ವೋಲ್ಟು, ಆ ವೋಲ್ಟು ಕೊಳವೆಯ ಗೋಡೆಗೆ ಹಾರದಂತೆ ತಡೆದಿಡುವ, ಬಣ್ಣವೂ ವಾಸನೆಯೂ ಇಲ್ಲದ ಒಂದು ಗ್ಯಾಸು. ಆ ಗ್ಯಾಸಿನ ನಡುವೆ ಕೂದಲೆಳೆಯಷ್ಟು ಲೋಹದ ಚೂರು ಉಳಿದರೂ ಸಾಕು, ಕಿಡಿ ಹಾರಲು ಅದೇ ದಾರಿ. ಆದ್ದರಿಂದಲೇ ಅವಳನ್ನು ತಡೆದು ನಿಲ್ಲಿಸಿದ ಆ ಜೋಡಣೆಯ ಇಂಜಿನಿಯರ್ ಹಗಲೆಲ್ಲ ಧೂಳಿನ ಮೇಲೆ ಯುದ್ಧ ಸಾರುತ್ತಿದ್ದ. ಕೆಲಸದವರು ಅವನಿಗೆ ಧೂಳು ಸಾರ್ ಎಂದೇ ಹೆಸರಿಟ್ಟಿದ್ದರು. ಹೆಡ್‌ಫೋನ್ ಹಾಕಿಕೊಂಡು, ಕೊಳವೆಗೆ ಸೆನ್ಸರ್ ಒತ್ತಿ, ಒಳಗಿನ ಸಣ್ಣ ಸದ್ದನ್ನೂ ಆಲಿಸುತ್ತಿದ್ದ ಅವಳು ವಾರ ಕಳೆಯುವುದರೊಳಗೆ ಕಿವಿ ಮೇಡಂ ಆದಳು.

"ಕಿವಿ ಮೇಡಂ, ಅಲ್ಲಾಡಬೇಡಿ," ಎಂದ ಅವನು ಒಂದು ದಿನ. ಅವಳ ಭುಜದ ಮೇಲಿದ್ದ ಕೂದಲೊಂದನ್ನು ಅಂಟುಪಟ್ಟಿಗೆ ಮೆಲ್ಲಗೆ ಅಂಟಿಸಿಕೊಂಡು ತೆಗೆದ. ತೆಗೆದ ಮೇಲೂ ಕೈ ಅಲ್ಲೇ ಒಂದು ಕ್ಷಣ ತಡೆಯಿತು.

"ಸಿಕ್ತಲ್ಲ ಕೂದಲು? ಇನ್ನೇನು ಹುಡುಕ್ತಿದ್ದೀರಿ?"

"ಇನ್ನೊಂದಿದ್ರೆ ಅಂತ."

"ದಿನಕ್ಕೆ ಒಂದೇ ಉದುರೋದು. ನಾಳೆ ಬನ್ನಿ."

ಅವನು ಮರುದಿನವೂ ಬಂದ, ಅದರ ಮರುದಿನವೂ ಬಂದ. ಬಹುವಚನ ಯಾವಾಗ ಏಕವಚನವಾಯಿತೋ ಇಬ್ಬರಿಗೂ ತಿಳಿಯಲಿಲ್ಲ. ಮೇಸ್ತ್ರಿಗೆ ಮಾತ್ರ ತಿಳಿಯಿತು. "ನನ್ನ ಕಿವಿಯೂ ಪರವಾಗಿಲ್ಲ ಕಣಮ್ಮ," ಎಂದು ಅವಳನ್ನು ರೇಗಿಸಿದ. ಇಪ್ಪತ್ತಾರು ವರ್ಷದಿಂದ ಬೋಲ್ಟು ಬಿಗಿಯುತ್ತ ಬಂದ ಕೈ ಅವನದು. ಸ್ಪ್ಯಾನರ್ ಕೊಡುವ ಒಂದು ಸಣ್ಣ ಕಟ್ ಸದ್ದಿನಲ್ಲೇ ಬಿಗಿ ಸಾಕೋ ಬೇಕೋ ಹೇಳುತ್ತಿದ್ದ. ಅವಳಿಗೆ ತಂದೆ ಇರಲಿಲ್ಲ. ಈ ಮುದುಕ 'ಅಮ್ಮಾ' ಎಂದು ಕರೆದಾಗಲೆಲ್ಲ ಅವಳ ಎದೆಯಲ್ಲಿ ಏನೋ ತಂಪಾಗುತ್ತಿತ್ತು.

ಮೂರನೆಯ ತಿಂಗಳಲ್ಲಿ ಅವಳು ತಾಯಿಗೆ ವಿಷಯ ಹೇಳಿದಳು. ಒಂದು ಗುರುವಾರ ನಾಲ್ಕೂವರೆಗೆ ಬಾ ಎಂದು ತಾಯಿ ಅವನನ್ನು ಕರೆದಳು. ನಾಲ್ಕೂವರೆಗೆ ಒಂದು ನಿಮಿಷ ಇರುವಾಗಲೇ ಅವನು ಬಂದ. ಇಸ್ತ್ರಿ ಮಾಡಿದ ನೀಲಿ ಅಂಗಿ, ಕೈಯಲ್ಲಿ ಹೂವಿನ ಗೊಂಚಲು. ತಾಯಿಗೆ ಅವನು ನೋಡಿದ ಕೂಡಲೇ ಹಿಡಿಸಿದ. ಎರಡನೆಯ ಲೋಟ ಕಾಫಿ ಬಗ್ಗಿಸುವ ಹೊತ್ತಿಗೆ ಅವನ ಫೋನು ಬಂತು. ಬಾಲ್ಕನಿಗೆ ಹೋಗಿ ಒಂದೇ ನಿಮಿಷ ಮಾತಾಡಿ ಬಂದ.

"ಏನಂತೆ?" ಎಂದಳು ಅವಳು, ಬಾಲ್ಕನಿಯ ಬಾಗಿಲಿಗೆ ಬಂದು.

"ಏನಿಲ್ಲ, ಮೇಸ್ತ್ರಿ. ಎಲ್ಲಾದಕ್ಕೂ ಅನುಮಾನ ಅವರಿಗೆ." ಬಾಲ್ಕನಿ ಬಾಗಿಲ ಮರೆಯಲ್ಲಿ ಅವಳ ಕಿರುಬೆರಳನ್ನು ತನ್ನ ಕಿರುಬೆರಳಿಂದ ಹಿಡಿದು, "ಅಮ್ಮ ಒಪ್ಪಿದ್ರು ಅನ್ಸುತ್ತೆ," ಎಂದು ಪಿಸುಗುಟ್ಟಿದ.

ಅವನು ಹೋಗುವಾಗ ಆರು ದಾಟಿತ್ತು. ಅಷ್ಟು ಸುಖದ ಸಂಜೆ ಅವಳ ಬಾಳಿನಲ್ಲಿ ಇನ್ನೊಂದಿರಲಿಲ್ಲ.

ಹದಿನೈದು ದಿನದ ಮೇಲೆ ಕೊನೆಯ ಪರೀಕ್ಷೆ. ವೋಲ್ಟು ಮೆಟ್ಟಿಲು ಮೆಟ್ಟಿಲಾಗಿ ಏರಿತು. ಏಳನೆಯ ಕೊಳವೆಯ ಬಳಿ ಅವಳು ಹೆಡ್‌ಫೋನನ್ನು ಕಿವಿಗೆ ಒತ್ತಿಹಿಡಿದಳು. ತಗಡಿನ ಡಬ್ಬಿಯಲ್ಲಿ ಮರಳಿನ ಕಾಳೊಂದು ಕುಣಿಯುವ ಹಾಗೆ, ಟಕ್, ಟಕಟಕ್.

"ಇನ್ನೊಂದ್ಸಲ ಕೇಳು," ಎಂದ ಅವನು. ಮುಖದ ಬಣ್ಣ ಬದಲಾಗಿತ್ತು. "ಹೊರಗಿನ ಸದ್ದಿರಬಹುದು."

ಮೂರು ಸಲ ಕೇಳಿದಳು. ಮೂರು ಸಲವೂ ಅದೇ ಕುಣಿತ. ವರದಿಯಲ್ಲಿ ಬರೆದಳು.

ಗ್ಯಾಸು ಹೊರತೆಗೆದು ಮುಚ್ಚಳ ಬಿಚ್ಚಿದಾಗ ತಳದಲ್ಲಿ ಉಗುರಿನ ಚೂರಿನಷ್ಟು ಲೋಹದ ಸುರುಳಿ ಸಿಕ್ಕಿತು. ಕೇಂದ್ರ ಚಾಲೂ ಆಗುವುದು ಒಂದು ತಿಂಗಳು ಮುಂದಕ್ಕೆ ಹೋಯಿತು. ತಪ್ಪು ಯಾರದೆಂದು ವಿಚಾರಣೆ ಶುರುವಾಯಿತು.

"ಆ ಬೋಲ್ಟಿನ ಥ್ರೆಡ್ಡು ಒರಟಾಗಿತ್ತು, ಚೂರು ಉದುರಿರ್ಬೋದು ಅನ್ನಿಸ್ತು ಸಾಹೇಬ್ರೆ," ಎಂದ ಮೇಸ್ತ್ರಿ. "ಇನ್ನೊಂದ್ಸಲ ಒರೆಸೋಣ, ನೀವೇ ಬಂದು ನೋಡಿ ಅಂತ ಸಾರ್‌ಗೆ ಫೋನ್ ಮಾಡ್ದೆ. ಮುಚ್ಚಿಬಿಡಿ ಅಂದ್ರು."

"ಸುಳ್ಳು," ಎಂದ ಇಂಜಿನಿಯರ್. "ಮುಚ್ಚೋ ಮುಂಚೆ ನಾನೇ ನೋಡಿದ್ದೀನಿ. ಶುಚಿಯಾಗಿತ್ತು. ಆಮೇಲೆ ಇವರೇ ಮತ್ತೆ ಬಿಚ್ಚಿರಬೇಕು."

ಬಾಯಿಮಾತು ಒಂದು ಕಡೆ, ದಾಖಲೆ ಪುಸ್ತಕದಲ್ಲಿದ್ದ ಅವನ ಸಹಿ ಇನ್ನೊಂದು ಕಡೆ. ಮೇಸ್ತ್ರಿಯನ್ನು ಅಂದೇ ಕೆಲಸದಿಂದ ತೆಗೆದರು.

ತನ್ನ ವರದಿಗೆ ಲಗತ್ತಿಸಲೆಂದು ಆ ಪುಸ್ತಕದ ಪುಟ ಅವಳ ಮೇಜಿಗೆ ಬಂತು. 'ಏಳನೇ ಕೊಳವೆ. ಒಳಭಾಗ ಪರೀಕ್ಷಿಸಿದೆ. ಗುರುವಾರ, ಸಂಜೆ 5.10.' ಕೆಳಗೆ ಅವನ ಸಹಿ.

ಅವಳು ತಾರೀಖನ್ನು ಮತ್ತೆ ಮತ್ತೆ ಓದಿದಳು. ಐದು ಹತ್ತಕ್ಕೆ ಅವನು ತಮ್ಮ ಮನೆಯಲ್ಲಿ, ತಾಯಿಯ ಎದುರು ಕೂತು ಕಾಫಿ ಕುಡಿಯುತ್ತಿದ್ದ. ಆ ಹೊತ್ತಿನಲ್ಲಿ ಅವನು ಎಲ್ಲಿದ್ದನೆಂದು ಸಾಕ್ಷಿ ಹೇಳಬಲ್ಲವರು ಲೋಕದಲ್ಲಿ ಇಬ್ಬರೇ, ತಾನು ಮತ್ತು ತಾಯಿ.

"ಮರುದಿನ ಬೆಳಗ್ಗೆ ಹಾಕಿದ ಸಹಿ ಅಲ್ವಾ ಅದು?" ಎಂದಳು ಅವನನ್ನು ಕಂಟ್ರೋಲ್ ರೂಮಿನ ಮೆಟ್ಟಿಲ ಬಳಿ ನಿಲ್ಲಿಸಿ.

ಅವನು ಇಲ್ಲವೆನ್ನಲಿಲ್ಲ. "ನಿಮ್ಮಮ್ಮ ಕರೆದಿದ್ರು. ತಡವಾಗಿ ಬಂದ್ರೆ ಏನಂದ್ಕೋತಾರೆ ಅಂತ ಓಡಿ ಬಂದೆ. ನಿನಗಾಗಿ ತಾನೇ ಬಂದದ್ದು?"

"ಬಂದದ್ದು ನನಗಾಗಿ. ಸುಳ್ಳು ಹೇಳಿದ್ದು?"

"ಗೊತ್ತಾದ್ರೆ ನನ್ನ ಲೈಸೆನ್ಸ್ ಹೋಗುತ್ತೆ. ಮದುವೆ, ಮನೆ ಎಲ್ಲಾ ಹೋಗುತ್ತೆ. ಮೇಸ್ತ್ರಿ ಇನ್ನೆರಡು ವರ್ಷಕ್ಕೆ ರಿಟೈರ್ ಆಗೋರೇ." ಅವಳ ಎರಡೂ ಕೈ ಹಿಡಿದುಕೊಂಡ. "ಸ್ವಲ್ಪ ದಿನ ಸುಮ್ಮನಿರು. ನನಗಾಗಿ."

ಅವಳು ಸುಮ್ಮನಿದ್ದಳು. ಅವನ ಕಣ್ಣಂಚಿನ ಗೆರೆಗಳನ್ನು ನೋಡಿದಾಗಲೆಲ್ಲ, ಸಾಹೇಬರ ಕೋಣೆಯತ್ತ ಹೊರಟವಳು ಹಿಂದಿರುಗುತ್ತಿದ್ದಳು. ಇವತ್ತು ಬೇಡ, ನಾಳೆ ಹೇಳೋಣ ಎನ್ನುತ್ತ ಒಂಬತ್ತು ದಿನ ಕಳೆದಳು. ಮೇಸ್ತ್ರಿಯ ಜಾಗದಲ್ಲಿ ಯಾರೋ ಹೊಸಬ ಬೋಲ್ಟು ಬಿಗಿಯುತ್ತಿದ್ದ. ಬಿಗಿ ಸಾಕೇ ಎಂದು ಪ್ರತಿ ಸಲವೂ ಪಕ್ಕದವನನ್ನು ಕೇಳುತ್ತಿದ್ದ.

ಹತ್ತನೆಯ ದಿನ ಬೆಳಿಗ್ಗೆ ಅವಳು ಅವನ ಮುಂದೆ ನಿಂತಳು. "ಮಧ್ಯಾಹ್ನದೊಳಗೆ ನೀನು ಹೇಳ್ತೀಯೋ, ನಾನು ಹೇಳ್ಲೋ?"

ಮಧ್ಯಾಹ್ನ ಅವನೇ ಹೋಗಿ ನಿಜ ಬರೆದುಕೊಟ್ಟ. ಲೈಸೆನ್ಸ್ ಒಂದು ವರ್ಷ ರದ್ದಾಯಿತು, ಕೆಲಸವೂ ಹೋಯಿತು. ಮೇಸ್ತ್ರಿಗೆ ಕ್ಷಮೆ ಕೇಳಿ, ಮರಳಿ ಬನ್ನಿ ಎಂದು ಪತ್ರ ಹೋಯಿತು.

ಮೇಸ್ತ್ರಿ ಬಂದದ್ದು ಸ್ಪ್ಯಾನರ್ ಪೆಟ್ಟಿಗೆ ಒಯ್ಯಲು. ಅವಳು ಓಡಿ ಹೋಗಿ ಪೆಟ್ಟಿಗೆಯ ಇನ್ನೊಂದು ತುದಿ ಹಿಡಿದಳು.

"ಬನ್ನಿ ಮೇಸ್ತ್ರಿ, ಮತ್ತೆ ಕೆಲಸಕ್ಕೆ ಬನ್ನಿ. ಎಲ್ಲರಿಗೂ ಈಗ ಗೊತ್ತಾಗಿದೆಯಲ್ಲ."

"ಇವರಿಗೆಲ್ಲ ಈಗ ಗೊತ್ತಾಯ್ತು." ಅವನು ಅವಳ ಮುಖವನ್ನೇ ನೋಡಿದ. "ನಿಮಗೆ?"

ಸುಳ್ಳು ಹೇಳಬಹುದಿತ್ತು. "ಇವರಿಗಿಂತ ಒಂಬತ್ತು ದಿನ ಮುಂಚೇನೇ ಗೊತ್ತಿತ್ತು," ಎಂದಳು.

ಮುದುಕ ತಲೆಯಾಡಿಸಿದ. ಬೈಯಲಿಲ್ಲ. "ನನ್ನ ಹೆಂಡತಿ ಆ ಒಂಬತ್ತು ದಿನಾನೂ ಬಾಗಿಲು ಹಾಕ್ಕೊಂಡೇ ಇದ್ಲು. ಅಕ್ಕಪಕ್ಕದವರಿಗೆ ಮುಖ ತೋರಿಸೋಕಾಗ್ದೆ." ಅವಳ ಕೈಯಿಂದ ಪೆಟ್ಟಿಗೆಯನ್ನು ಮೆಲ್ಲಗೆ ಬಿಡಿಸಿಕೊಂಡ. "ಬಿಡಿ ಮೇಡಂ. ಭಾರ ಇದೆ. ನಾನೇ ಹೊರ್ತೀನಿ."

ಅಮ್ಮಾ ಎನ್ನಲಿಲ್ಲ. ಮೇಡಂ ಎಂದ.

ಅದೇ ಸಂಜೆ ಇಂಜಿನಿಯರ್ ಗೇಟಿನ ಹೊರಗೆ ಕಾಯುತ್ತಿದ್ದ. ದಾಡಿ ಬೆಳೆದಿತ್ತು, ಆದರೆ ಮುಖದಲ್ಲಿ ಹಗುರವಿತ್ತು.

"ಹೇಳ್ಬಿಟ್ಟೆ. ಎಲ್ಲಾ ಹೋಯ್ತು. ಹೋಗ್ಲಿ, ಒಂದು ವರ್ಷ ತಾನೇ? ನೀನಿದ್ರೆ ಸಾಕು ನನಗೆ."

"ಯಾರಿಗೋಸ್ಕರ ಹೇಳ್ದೆ?"

"ನಿನಗೋಸ್ಕರ. ಇನ್ಯಾರಿಗೆ?" ಉಡುಗೊರೆ ನೀಡುವವನಂತೆ ಹೇಳಿದ.

ಅವಳ ಕಣ್ಣು ತುಂಬಿ ಬಂತು. 'ಆ ಮುದುಕನಿಗೋಸ್ಕರ' ಎಂದಿದ್ದರೆ ಅವಳು ಅಲ್ಲೇ, ಆ ರಸ್ತೆಯಲ್ಲೇ, ಅವನನ್ನು ತಬ್ಬಿಕೊಳ್ಳುತ್ತಿದ್ದಳು.

"ನಾನು ಬಾಯಿ ಮುಚ್ಕೊಂಡಿದ್ದಿದ್ರೆ ನೀನು ಹೇಳ್ತಿದ್ಯಾ?"

ಅವನು ನೊಂದು, "ನೀನೂ ಒಂಬತ್ತು ದಿನ ಸುಮ್ಮನಿದ್ಯಲ್ಲ?" ಎಂದ.

"ಹೌದು, ಇದ್ದೆ. ಪ್ರೀತಿ ಅಂದ್ಕೊಂಡು ಇದ್ದೆ. ಇನ್ಮೇಲೆ ನಿನ್ನ ಮುಖ ನೋಡಿದಾಗೆಲ್ಲ ನನಗೆ ಆ ಒಂಬತ್ತು ದಿನಾನೇ ಕಾಣುತ್ತೆ. ನಿನಗೂ ನನ್ನ ಮುಖದಲ್ಲಿ ಅದೇ ಕಾಣುತ್ತೆ. ಬೇಡ, ಹೋಗು."

"ನನ್ನ ಮೇಲೆ ಪ್ರೀತಿ ಇಲ್ವಾ?"

"ಇದೆ," ಎಂದಳು. "ಅದೇ ನೋಡು ಸಂಕಟ."

ಅವನು ರಸ್ತೆಯ ತಿರುವಿನವರೆಗೆ ನಡೆದ. ತಿರುವಿನಲ್ಲಿ ಒಮ್ಮೆ ನಿಂತ. ಕರೆಯುತ್ತಾಳೇನೋ ಎಂದು ಕಾದನೆಂದು ಅವಳಿಗೆ ಗೊತ್ತಿತ್ತು. ಕರೆಯದೆ ಮನೆಯ ದಾರಿಗೆ ತಿರುಗಿದಳು.

ಮನೆಗೆ ಬಂದಾಗ ತಾಯಿ ಬಟ್ಟೆ ಮಡಿಸುತ್ತಿದ್ದಳು. "ಯಾವಾಗ ಬರ್ತಾನಂತೆ ಹುಡುಗ? ದಿನ ನೋಡಬೇಕಲ್ಲ."

"ಬರಲ್ಲಮ್ಮ."

ತಾಯಿ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟಳು. "ಯಾಕೆ? ಅವನೇನು ಮಾಡ್ದ?"

ಅವಳು ತಾಯಿಯ ಪಕ್ಕ ಕುಸಿದು ಕೂತಳು. "ಅವನು ಮಾಡಿದ್ದು ಹೇಳ್ತೀನಿ," ಎಂದಳು. "ಮೊದಲು ನಾನು ಮಾಡಿದ್ದು ಕೇಳು."